ಕಿಟಕಿಯ ಮೇಜಿನ ಮೊನೆಯಕ್ಕ

ಸಿಗಾರ್ ಸುತ್ತುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಮೊನೆಯಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರು ಅವಳು ಸುತ್ತುತ್ತಿದ್ದ ಮೊನೆ ಸಿಗಾರಿನಿಂದ ಬಂತೋ ನಾಲಿಗೆಯ ಮೊನಚಿನಿಂದ ಬಂತೋ ಎಂಬ ಬಗ್ಗೆ ಕೆಲಸದವರಲ್ಲಿ ಎರಡು ಪಕ್ಷಗಳಿದ್ದವು. ಅವಳನ್ನೇ ಕೇಳಿದರೆ ಎರಡೂ ಸೇರಿಯೇ ಬಂದದ್ದು ಅನ್ನುತ್ತಿದ್ದಳು. ದಿನವಿಡೀ ಹೊಗೆಸೊಪ್ಪಿನ ನಡುವೆ ಕೂತಿದ್ದರೂ ಯಾರಿಗೂ ಸೊಪ್ಪು ಹಾಕದ ಹೆಂಗಸು ಎಂದು ಅವಳ ಗಂಡನೇ ಸ್ನೇಹಿತರ ಮುಂದೆ ತಮಾಷೆ ಮಾಡುತ್ತಿದ್ದ. ಹಾಗೆ ಹೇಳುವಾಗ ಅವನ ಮುಖದಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚಾಗಿರುತ್ತಿತ್ತು.

ಅವಳು ಆ ಕಾರ್ಖಾನೆಗೆ ಬಂದದ್ದು ಮದುವೆಗೆ ಮೊದಲು, ಕೆಳಗಿನ ಅಂತಸ್ತಿಗೆ. ಕೆಳಗೆ ಹೆಂಗಸರು, ಮೇಲೆ ಗಂಡಸರು ಎಂಬುದು ಅಲ್ಲಿನ ಕಟ್ಟಳೆ. ಯಾರೂ ಅದನ್ನು ಗೋಡೆಯ ಮೇಲೆ ಬರೆದಿರಲಿಲ್ಲ. ಬರೆಯುವ ಅಗತ್ಯ ಬಿದ್ದಿರಲೂ ಇಲ್ಲ. ಕೆಳಗೆ ತೇವದ ನೆಲದ ಮೇಲೆ ಸಾಲಾಗಿ ಸ್ಟೂಲು ಹಾಕಿಕೊಂಡು ಹೆಂಗಸರು ಎಲೆಯ ನಡುನರವನ್ನು ಎಳೆದು ತೆಗೆಯುತ್ತಿದ್ದರು. ಎಲೆ ಹರಿಯದೆ ನರ ಮಾತ್ರ ಬಂದರೆ ಕೈ ಪಳಗಿದೆ ಎಂದರ್ಥ. ಹೀಗೆ ಬಿಡಿಸಿದ ಎಲೆಯನ್ನು ಬಣ್ಣ ನೋಡಿ, ದಪ್ಪ ನೋಡಿ ಕಟ್ಟು ಮಾಡಿ ಮೇಲಕ್ಕೆ ಒಯ್ದು ಕೊಡಬೇಕು. ಮೇಲಿನ ಹಾಲಿನಲ್ಲಿ ಗಂಡಸರು ಉದ್ದ ಮೇಜುಗಳ ಮುಂದೆ ಕೂತು ಸುತ್ತುತ್ತಿದ್ದರು.

ಕಟ್ಟು ಹೊತ್ತು ಮೆಟ್ಟಿಲು ಹತ್ತುವ ಕೆಲಸ ಉಳಿದ ಹೆಂಗಸರಿಗೆ ಬೇಡವಾಗಿತ್ತು. ಇವಳು ಮಾತ್ರ ತಾನೇ ಮುಂದೆ ಬಿದ್ದು ಹೊರುತ್ತಿದ್ದಳು. ಹೊತ್ತದ್ದನ್ನು ಇಳಿಸಿ ತಕ್ಷಣ ಕೆಳಗೆ ಹೋಗದೆ, ಉಸಿರು ಹಿಡಿದಿದೆ ಎಂಬ ನೆಪದಲ್ಲಿ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದಳು. ಒಳಗೆ ತುಂಬುವ ಎಲೆಯನ್ನು ಅಂಗೈಯಲ್ಲಿ ಮಡಿಚಿ ಮಡಿಚಿ ಇಡುವುದು, ಅದರ ಮೇಲೆ ಕಟ್ಟೆಲೆ ಸುತ್ತುವುದು, ಮರದ ಅಚ್ಚಿನಲ್ಲಿಟ್ಟು ಒತ್ತಿ, ಕೊನೆಗೆ ರೇಷ್ಮೆಯಂಥ ಹೊದಿಕೆಯ ಎಲೆಯನ್ನು ಓರೆಯಾಗಿ ಕತ್ತರಿಸಿ ಬುಡದಿಂದ ತಲೆಯವರೆಗೆ ಸುತ್ತಿ ಟೋಪಿ ಇಡುವುದು. ಅದನ್ನೆಲ್ಲ ಅವಳು ಕಣ್ಣಿನಲ್ಲೇ ಕಲಿತಳು. ಆದರೆ ಕಣ್ಣು ಕಲಿತದ್ದನ್ನು ಕೈಗೆ ಇಳಿಸುವುದು ಹೇಗೆ? ಎಲೆ ಕಾರ್ಖಾನೆಯದು, ಒಂದು ಚೂರನ್ನೂ ಮನೆಗೆ ಒಯ್ಯುವಂತಿರಲಿಲ್ಲ.

ಅಷ್ಟರಲ್ಲಿ ಅವಳಿಗೆ ಮದುವೆಯಾಯಿತು. ಗಂಡ ಅದೇ ಕಾರ್ಖಾನೆಯ ಹಿತ್ತಲಿನ ಶೆಡ್ಡಿನಲ್ಲಿ ಸಿಗಾರಿನ ಮರದ ಪೆಟ್ಟಿಗೆ ಮಾಡುವ ಬಡಗಿ. ಮಿತಭಾಷಿ. ಮನೆಗೆ ಬಂದಾಗ ಅವನ ಅಂಗಿಯ ಮಡಿಕೆಗಳಿಂದ, ಜೇಬಿನಿಂದ ರಂದ ಹೊಡೆದ ಮರದ ಸಿಪ್ಪೆ ಉದುರುತ್ತಿತ್ತು. ಗುಡಿಸುತ್ತಿದ್ದವಳು ಒಂದು ದಿನ ಪೊರಕೆ ಬದಿಗಿಟ್ಟು ಆ ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಕಾಗದಕ್ಕಿಂತ ತೆಳು, ನೀರು ತಾಕಿಸಿದರೆ ಬಗ್ಗುತ್ತದೆ. ಅಂದಿನಿಂದ ಅವನು ಒಳ್ಳೆಯ ಸಿಪ್ಪೆಗಳನ್ನು ಆರಿಸಿ ಚೀಲದಲ್ಲಿ ತುಂಬಿಕೊಂಡು ಬರತೊಡಗಿದ. ಅಡುಗೆಮನೆಯ ಮಣೆಯ ಮೇಲೆ ಅವಳು ಮರದ ಸಿಗಾರ್ ಸುತ್ತತೊಡಗಿದಳು. ಸಡಿಲವಾದದ್ದು, ಗಂಟು ಬಿದ್ದದ್ದು, ನಡು ಮುರಿದದ್ದು ಎಲ್ಲವೂ ಒಲೆಗೆ ಹೋದವು. ಆ ದಿನಗಳಲ್ಲಿ ತಮ್ಮ ಮನೆಯಲ್ಲಿ ಸೌದೆಗೆ ಕೊರತೆಯೇ ಇರಲಿಲ್ಲ ಎಂದು ಅವಳು ಆಮೇಲೆ ನಗುತ್ತ ಹೇಳುತ್ತಿದ್ದಳು.

ಒಂದು ದಿನ ಗಂಡ ಏನೂ ಹೇಳದೆ ಅವುಗಳಲ್ಲೊಂದನ್ನು ಜೇಬಿಗೆ ಹಾಕಿಕೊಂಡು ಹೋಗಿ ಮೇಲಿನ ಹಾಲಿನ ಮೇಸ್ತ್ರಿಯ ಮುಂದಿಟ್ಟ.

ಮೇಸ್ತ್ರಿಗಳು ಕಿಟಕಿಯ ಪಕ್ಕದ ಮೇಜಿನವರು. ತಲೆ ಪೂರ್ತಿ ಬೆಳ್ಳಗಾಗಿತ್ತು, ಬೆರಳುಗಳು ಎಲೆಯ ಬಣ್ಣಕ್ಕೇ ತಿರುಗಿದ್ದವು. ಅವರು ಆ ಮರದ ಸಿಗಾರನ್ನು ಮೂಸಿ ನೋಡಿದರು, ಬೆರಳ ನಡುವೆ ಉರುಳಿಸಿದರು, ಕೊನೆಗೆ ತುಟಿಗಿಟ್ಟು ಗಾಳಿ ಎಳೆದರು. ಉಸಿರು ಸಲೀಸಾಗಿ ಬಂತು. ಯಾರು ಮಾಡಿದ್ದು ಎಂದು ಕೇಳಿದರು. ನನ್ನ ಹೆಂಡತಿ ಎಂದು ಗಂಡ ಹೇಳಿದಾಗ ಸುತ್ತಲಿದ್ದವರೆಲ್ಲ ನಕ್ಕರು. ಮೇಸ್ತ್ರಿಗಳು ನಗಲಿಲ್ಲ. ಅವಳನ್ನು ಕರೆಸಿ, ಎಲ್ಲಕ್ಕಿಂತ ಹಿಂದಿದ್ದ ಮೇಜಿನಲ್ಲಿ ಕೂರಿಸಿ, ಮುಂದೆ ನಿಜವಾದ ಎಲೆ ಇಟ್ಟರು. ಆಗಿನ ದೊಡ್ಡ ಯಜಮಾನರು ಮೇಸ್ತ್ರಿಯ ಮಾತನ್ನು ತೆಗೆದುಹಾಕುವವರಲ್ಲ. ಹೀಗೆ ಒಬ್ಬ ಹೆಂಗಸು ಮೇಲಿನ ಹಾಲಿನಲ್ಲಿ ಕೂತಳು. ಕೆಲವರು ಮೂಗು ಮುರಿದರು. ಅವಳ ಪಕ್ಕದ ಮೇಜಿನವನು ತನ್ನ ಮೇಜನ್ನು ಸ್ವಲ್ಪ ದೂರಕ್ಕೆ ಎಳೆದುಕೊಂಡ. ಅಷ್ಟು ಜಾಗ ಬಿಟ್ಟುಕೊಟ್ಟದ್ದಕ್ಕೆ ಅವಳು ಅವನಿಗೆ ಥ್ಯಾಂಕ್ಸ್ ಹೇಳಿದಳು.

ಆ ಹಾಲಿನಲ್ಲಿ ಆಕಾರಗಳಿಗೂ ಜನಗಳಿಗೂ ಒಂದೇ ಹೆಸರು. ಉದ್ದಕ್ಕೂ ಒಂದೇ ದಪ್ಪವಿದ್ದು ತಲೆ ಗುಂಡಗಿರುವುದು ‘ನೇರ’. ಅದನ್ನೇ ಚಿಕ್ಕದಾಗಿ, ದಪ್ಪಗೆ ಮಾಡಿದರೆ ‘ಗಿಡ್ಡ’. ಪೆನ್ಸಿಲಿನಷ್ಟು ಸಣ್ಣದು ‘ಕಡ್ಡಿ’. ಪೆಟ್ಟಿಗೆಯಲ್ಲಿ ಒತ್ತಿ ನಾಲ್ಕು ಮಗ್ಗುಲು ತರಿಸಿದ್ದು ‘ಚೌಕ’. ತಲೆಯ ಕಡೆ ಸಪೂರವಾಗುತ್ತ ಹೋಗಿ ಚೂಪಾಗಿ ಮುಗಿಯುವುದು ‘ಮೊನೆ’. ಗಿಡ್ಡ ಸುತ್ತುವವನು ಗಿಡ್ಡಪ್ಪ; ಅವನು ಆರಡಿ ಆಳು ಎಂಬುದು ಬೇರೆ ಮಾತು. ಎಲ್ಲಕ್ಕಿಂತ ಕಷ್ಟದ್ದೆಂದರೆ ಎರಡು ತುದಿಯೂ ಚೂಪಾಗಿದ್ದು ನಡುವೆ ತುಂಬಿ ಬರುವ ಸಿಗಾರು. ಅದಕ್ಕೆ ಹಾಲಿನವರು ‘ಬಸುರಿ’ ಅನ್ನುತ್ತಿದ್ದರು. ಅದಕ್ಕೆ ಅಚ್ಚಿಲ್ಲ, ಕಣ್ಣಳತೆ, ಕೈಯಳತೆಯೇ ಅಚ್ಚು. ಇಡೀ ಹಾಲಿನಲ್ಲಿ ಅದನ್ನು ಮಾಡುತ್ತಿದ್ದವರು ಮೇಸ್ತ್ರಿಗಳೊಬ್ಬರೇ.

ಅವಳು ನೇರದಿಂದ ಶುರು ಮಾಡಿ, ಕಡ್ಡಿ ದಾಟಿ, ಮೊನೆಗೆ ಬಂದಳು. ಮೊನೆಯಲ್ಲಿ ಅವಳನ್ನು ಮೀರಿಸುವವರು ಯಾರೂ ಉಳಿಯಲಿಲ್ಲ. ಆಗ ಅವಳೇ ಹೋಗಿ ಮೇಸ್ತ್ರಿಗಳನ್ನು ಕೇಳಿದಳು, ಬಸುರಿ ಹೇಳಿಕೊಡಿ ಎಂದು. ಆ ಹೊತ್ತಿಗೆ ಅವಳೇ ತುಂಬು ಬಸುರಿ. ಮೇಸ್ತ್ರಿಗಳು ಅವಳನ್ನೊಮ್ಮೆ, ಮೇಜಿನ ಮೇಲಿದ್ದ ಸಿಗಾರನ್ನೊಮ್ಮೆ ನೋಡಿ, ಮೊದಲು ಒಂದನ್ನು ಮುಗಿಸು, ಆಮೇಲೆ ಇನ್ನೊಂದು ಅಂದರು. ಹಾಲಿಗೆ ಹಾಲೇ ನಕ್ಕಿತು. ಅವಳೂ ನಕ್ಕಳು. ಆದರೆ ಅವರ ಮೇಜಿನ ಮುಂದಿನಿಂದ ಕದಲಲಿಲ್ಲ.

ಕೊನೆಗೆ ಅವರು ಹೇಳಿಕೊಟ್ಟರು. ಮೊದಲ ಪಾಠಕ್ಕೆ ಎಲೆಯನ್ನೇ ಕೊಡಲಿಲ್ಲ. ಹಾಲಿನ ಹೊರಗಿನ ಬಾಲ್ಕನಿಗೆ ಕರೆದುಕೊಂಡು ಹೋಗಿ, ತಾವು ಸುತ್ತಿದ ಒಂದನ್ನು ಹೊತ್ತಿಸಿ ಸೇದತೊಡಗಿದರು. ಹೊಗೆಯ ದಾರಿಯಲ್ಲಿ ನಿಲ್ಲಬೇಡ, ಹೊಟ್ಟೆಯೊಳಗಿನ ಮಗುವಿಗೆ ಆಗಿಬರುವುದಿಲ್ಲ ಎಂದು ಅವಳನ್ನು ಗಾಳಿ ಬರುವ ಕಡೆ ದೂರದಲ್ಲಿ ಕೂರಿಸಿದರು.

“ನೋಡಮ್ಮಾ, ಆಕಾರ ಅನ್ನೋದು ಅಲಂಕಾರಕ್ಕಲ್ಲ,” ಅಂದರು. “ಬುಡ ಚೂಪಾಗಿದೆ, ಬೇಗ ಹೊತ್ಕೊಳ್ತು. ಈಗ ಹೊಗೆ ತೆಳ್ಳಗಿದೆ. ಬೆಂಕಿ ಹೊಟ್ಟೆಗೆ ಬರ್ಲಿ, ಹೇಗೆ ಮಾಗತ್ತೆ ನೋಡು. ಆಮೇಲೆ ತಲೆ ಕಡೆ ಬಂದಾಗ ಎಲ್ಲಾ ಒಟ್ಟಾಗಿ ನಾಲಿಗೆ ಮೇಲೆ ಬೀಳತ್ತೆ. ನೇರ ಸಿಗಾರು ಒಂದೇ ಮಾತನ್ನ ಕೊನೇವರೆಗೂ ಹೇಳತ್ತೆ. ಇದು ಹಾಗಲ್ಲ, ಹೇಳ್ತಾ ಹೇಳ್ತಾ ಮಾತು ಬದಲಾಗತ್ತೆ.”

ಅವಳು ದೂರದಿಂದಲೇ ಹೊಗೆಯ ಬಣ್ಣ ಬದಲಾಗುವುದನ್ನು, ಬೂದಿ ನಿಲ್ಲುವ ಬಗೆಯನ್ನು, ಬೆಂಕಿಯ ಬಳೆ ಅಗಲವಾಗಿ ಮತ್ತೆ ಕಿರಿದಾಗುವುದನ್ನು ನೋಡಿದಳು. ತುದಿಯಲ್ಲಿ ಎಲೆ ಎಷ್ಟು ಸಡಿಲವಿರಬೇಕು, ಹೊಟ್ಟೆಯಲ್ಲಿ ಎಷ್ಟು ತುಂಬಬೇಕು, ಎಲ್ಲಿ ಬಿಗಿಯಾದರೆ ಹೊಗೆ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಅಂದು ಅವಳಿಗೆ ಅರ್ಥವಾಯಿತು. ಅರ್ಥವಾದದ್ದು ಕೈಗೆ ಬರುವ ಹೊತ್ತಿಗೆ ಮಗಳು ಹುಟ್ಟಿ, ಅಂಬೆಗಾಲಿಟ್ಟು, ನಡೆಯತೊಡಗಿದ್ದಳು.

ವರ್ಷಗಳು ಉರುಳಿದವು. ದೊಡ್ಡ ಯಜಮಾನರು ಹೋಗಿ ಅವರ ಮಗ ಚಿಕ್ಕ ಯಜಮಾನರು ಬಂದರು. ಮೇಸ್ತ್ರಿಗಳ ಬಲಗೈ ನಡುಗತೊಡಗಿದ್ದು ಆ ಕಾಲದಲ್ಲೇ. ಮೊದಲು ಗಮನಿಸಿದವಳು ಮೊನೆಯಕ್ಕ. ಅಷ್ಟು ಹೊತ್ತಿಗೆ ಅವಳ ಮೇಜು ಅವರ ಮಗ್ಗುಲಿಗೇ ಬಂದಿತ್ತು. ಹೊದಿಕೆಯ ಎಲೆಯ ಅಂಚು ಗಾಳಿಯಿಲ್ಲದಿದ್ದರೂ ಅಲುಗುತ್ತಿತ್ತು. ತುದಿಯ ಬಳಿ ಬಂದಾಗ ಅವರು ಸಿಗಾರನ್ನು ಅವಳ ಕಡೆ ಸರಿಸಿ, ಕನ್ನಡಕ ಮಂಜಾಗಿದೆ, ಒರೆಸಿಕೊಳ್ಳುತ್ತೇನೆ, ಅಷ್ಟರಲ್ಲಿ ಇದೊಂದು ಮುಗಿಸು ಅನ್ನುತ್ತಿದ್ದರು. ಅವಳು ಮುಗಿಸುತ್ತಿದ್ದಳು. ಕೆಲವು ತಿಂಗಳಲ್ಲಿ ಊರಿನಲ್ಲಿ ಅವರ ಕನ್ನಡಕದಷ್ಟು ಚೊಕ್ಕಟವಾದ ಕನ್ನಡಕ ಇನ್ನೊಂದಿರಲಿಲ್ಲ.

ತುದಿ ಮುಗಿಸುವುದು ಹೋಗಿ ಅರ್ಧ ಮುಗಿಸುವುದಾಯಿತು, ಆಮೇಲೆ ಪೂರ್ತಿಯೇ ಅವಳದಾಯಿತು. ಮೇಸ್ತ್ರಿಗಳು ಎಲೆ ಆರಿಸಿ ಕೊಡುವರು, ಅವಳು ಸುತ್ತುವಳು, ಅದು ಅವರ ತಟ್ಟೆಗೆ ಸೇರುವುದು. ಹಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ತುಟಿ ಬಿಚ್ಚಲಿಲ್ಲ. ಮೇಸ್ತ್ರಿಗಳ ಮೇಲಿನ ಗೌರವ ಅಂಥದ್ದು. ಮೊನೆಯಕ್ಕನಂಥ ಮೊನೆಯಕ್ಕನೂ ಬಾಯಿಗೆ ಬೀಗ ಹಾಕಿಕೊಂಡಳು.

ಕಷ್ಟವಾದದ್ದು ಅವಳ ಗಂಡನಿಗೆ. ಪೆಟ್ಟಿಗೆಯ ತಳದಲ್ಲಿ ಸುತ್ತಿದವರ ಗುರುತನ್ನು ಕಾದ ಕಬ್ಬಿಣದಿಂದ ಒತ್ತುವುದು ಅವನ ಕೆಲಸ. ಒಬ್ಬೊಬ್ಬರಿಗೆ ಒಂದೊಂದು ಗುರುತು, ಮೇಸ್ತ್ರಿಗಳದ್ದು ಪುಟ್ಟ ಕೀಲಿಕೈ. ಮೊನೆ ಸಿಗಾರಿನ ಪೆಟ್ಟಿಗೆಗಳಿಗೆ ಮಾತ್ರ ಒಬ್ಬರ ಗುರುತು ಅಂತ ಇರಲಿಲ್ಲ, ಹಾಲಿನ ಸಾಮಾನ್ಯ ಮುದ್ರೆಯನ್ನೇ ಒತ್ತುತ್ತಿದ್ದರು. ಹೆಂಗಸಿಗೆ ಗುರುತು ಯಾಕೆ ಎಂದು ಯಾರೂ ಹೇಳಿರಲಿಲ್ಲ, ಕೊಡಬೇಕೆಂದೂ ಯಾರಿಗೂ ಹೊಳೆದಿರಲಿಲ್ಲ. ಈಗ ತನ್ನ ಹೆಂಡತಿ ಸುತ್ತಿದ ಬಸುರಿಯ ಪೆಟ್ಟಿಗೆಗಳಿಗೆ ತಾನೇ ಕೈಯಾರೆ ಕೀಲಿಕೈ ಒತ್ತಬೇಕು. ಒಂದು ಸಂಜೆ ಕೈ ತೊಳೆಯುತ್ತಿದ್ದವಳನ್ನು ಅವನು ಕೇಳಿದ.

“ನೀನು ಮಾಡಿದ್ದಕ್ಕೆ ಬೇರೆಯವರ ಗುರುತು ಒತ್ತುತ್ತೀನಲ್ಲಾ, ನಿನಗೇನೂ ಅನ್ಸಲ್ವಾ?”

“ಅನ್ಸತ್ತೆ,” ಅಂದಳು. “ಅನ್ಸಿದ್ದನ್ನೆಲ್ಲಾ ಹೇಳಕ್ಕಾಗಲ್ಲ ಕಣ್ರೀ. ಈ ಕೈ ನಂದು, ಆದ್ರೆ ಇದರೊಳಗೆ ಇರೋದು ಅವ್ರು ಹಾಕಿದ್ದು.”

ಗಂಡ ಮತ್ತೆ ಆ ಮಾತು ಎತ್ತಲಿಲ್ಲ.

ಚಿಕ್ಕ ಯಜಮಾನರಿಗೆ ಇದೊಂದೂ ಗೊತ್ತಿರಲಿಲ್ಲ. ಅವರು ಕೆಟ್ಟವರಲ್ಲ, ಆದರೆ ಆತುರದವರು. ಇಷ್ಟೊಂದು ಆಕಾರ ಯಾಕೆ, ಒಂದೊಂದಕ್ಕೆ ಒಂದೊಂದು ಅಳತೆಯ ಪೆಟ್ಟಿಗೆ ಯಾಕೆ ಎಂದು ಬಂದ ದಿನದಿಂದಲೂ ತಲೆ ಕೆರೆದುಕೊಳ್ಳುತ್ತಿದ್ದರು. ಮೇಸ್ತ್ರಿಗಳಿಗೆ ವಯಸ್ಸಾಯಿತು, ಅವರ ನಂತರ ಬಸುರಿ ಮಾಡುವವರಿಲ್ಲ. ಈಗಿನಿಂದಲೇ ಅದನ್ನು ನಿಲ್ಲಿಸಿ, ಮೊನೆಯನ್ನೂ ನಿಲ್ಲಿಸಿ, ಎಲ್ಲರೂ ಅಚ್ಚಿನಲ್ಲಿ ಬರುವ ನೇರವನ್ನೇ ಸುತ್ತಲಿ ಎಂಬುದು ಅವರ ಲೆಕ್ಕಾಚಾರ. ಈ ಸುದ್ದಿ ಹಾಲಿಗೆ ಬಂದ ದಿನ ಮೇಸ್ತ್ರಿಗಳು ಕನ್ನಡಕವನ್ನು ಬಹಳ ಹೊತ್ತು ಒರೆಸಿದರು.

ಆ ವಾರವೇ ಬೇರೆ ದೇಶದಿಂದ ಖರೀದಿದಾರರು ಬಂದರು. ಬಸುರಿಯನ್ನು ಮೆಚ್ಚಿಕೊಂಡು ವರ್ಷಗಳಿಂದ ತರಿಸುತ್ತಿದ್ದವರು. ಅದನ್ನು ಸುತ್ತುವುದನ್ನು ಕಣ್ಣಾರೆ ನೋಡಬೇಕೆಂದು ಕೇಳಿದರು. ಇದೇ ಕೊನೆಯ ಸಲ, ತೋರಿಸಿಬಿಡೋಣ ಎಂದು ಚಿಕ್ಕ ಯಜಮಾನರು ಅವರನ್ನು ಮೇಲಕ್ಕೆ ಕರೆತಂದರು. ಹಾಲಿನಲ್ಲಿ ಬ್ಲೇಡುಗಳ ಸದ್ದು ನಿಂತಿತು. ಇಷ್ಟು ಜನರ ಎದುರು ಮೇಸ್ತ್ರಿಗಳ ಮರ್ಯಾದೆ ಉಳಿಯುವುದು ಹೇಗೆ? ಕನ್ನಡಕ ಒರೆಸುವ ನೆಪ ಇಲ್ಲಿ ನಡೆಯುವುದಿಲ್ಲ. ಮೊನೆಯಕ್ಕ ಮೇಸ್ತ್ರಿಗಳ ಕಡೆ ನೋಡಿದಳು. ಅವರು ಒಂದು ಹೊದಿಕೆ ಎಲೆಯನ್ನು ಹಲಗೆಯ ಮೇಲೆ ಹರಡಿದರು. ಅರ್ಧಚಂದ್ರದ ಬ್ಲೇಡನ್ನು ಕೈಗೆತ್ತಿಕೊಂಡರು. ಅದು ಬೆಳಕಿನಲ್ಲಿ ಎಲ್ಲರಿಗೂ ಕಾಣುವಂತೆ ನಡುಗಿತು. ಅವರು ಅದನ್ನು ಮೆಲ್ಲಗೆ ಕೆಳಗಿಟ್ಟರು.

“ಯಜಮಾನ್ರೇ, ಇವ್ರು ನೋಡ್ಬೇಕಾದ್ದು ನನ್ನ ಕೈಯಲ್ಲ,” ಅಂದರು. ದನಿ ಸ್ವಲ್ಪವೂ ಅಲುಗಲಿಲ್ಲ. “ಬಸುರಿ ನನ್ನ ಕೈ ಬಿಟ್ಟು ಬಹಳ ಕಾಲ ಆಯ್ತು. ಇವ್ರು ಮೆಚ್ಕೊಂಡು ತರಿಸ್ಕೊಳ್ತಿರೋ ಪೆಟ್ಟಿಗೆಗಳು ಇವಳು ಮಾಡಿದ್ದು. ನನ್ನ ಕೀಲಿಕೈ ಹಾಕ್ಕೊಂಡು ಹೋಗ್ತಿತ್ತು, ಅಷ್ಟೇ. ಏಳಮ್ಮಾ, ಇಲ್ಲಿ ಬಂದು ಕೂತ್ಕೋ.”

ತಮ್ಮ ಕುರ್ಚಿಯನ್ನು ಬಿಟ್ಟು ಎದ್ದು ನಿಂತರು.

ಮೊನೆಯಕ್ಕನಿಗೆ ಇಷ್ಟು ವರ್ಷ ಬೇಕು ಅನ್ನಿಸಿದ್ದು ಹೀಗೆ ಎಲ್ಲರ ಮುಂದೆ ಬಂದು ಬಿದ್ದಾಗ ಅದನ್ನು ಎತ್ತಿಕೊಳ್ಳಲು ನಾಚಿಕೆಯಾಯಿತು. ಆದರೆ ಮೇಸ್ತ್ರಿಗಳು ನಿಂತೇ ಇದ್ದರು. ಆ ಮುದುಕರನ್ನು ನಿಲ್ಲಿಸಿ ಕಾಯಿಸುವುದು ಅದಕ್ಕಿಂತ ನಾಚಿಕೆಗೇಡು ಅನ್ನಿಸಿತು. ಹೋಗಿ ಕೂತಳು. ಖರೀದಿದಾರರು ಮೇಜನ್ನು ಮುತ್ತಿಕೊಂಡರು, ಚಿಕ್ಕ ಯಜಮಾನರು ಬೆಪ್ಪಾಗಿ ಕಿಟಕಿಗೆ ಅಡ್ಡ ನಿಂತಿದ್ದರು.

“ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ ಯಜಮಾನ್ರೇ,” ಅಂದಳು. “ಬೆಳಕು ಬರ್ಲಿ.”

ಅವರು ಸರಿದರು. ಅವಳ ಕೈಗೆ ಅವಳ ಹಳೆಯ ಧೈರ್ಯ ಬಂತು. ಒಳಗಿನ ಎಲೆಗಳನ್ನು ಒಂದೊಂದಾಗಿ ಮಡಿಚಿ ಅಂಗೈಯಲ್ಲಿ ಇಟ್ಟಳು. ತುದಿಗೆ ಕಡಿಮೆ, ನಡುವಿಗೆ ಹೆಚ್ಚು, ಮತ್ತೆ ತುದಿಗೆ ಕಡಿಮೆ. ಗಾಳಿಗೆ ದಾರಿ ಉಳಿಯುವಂತೆ. ಕಟ್ಟೆಲೆ ಸುತ್ತಿ ಹಲಗೆಯ ಮೇಲೆ ಉರುಳಿಸಿದಳು. ಒತ್ತಡ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬುದು ಅಂಗೈಗೇ ಗೊತ್ತಿತ್ತು. ಹೊದಿಕೆಯನ್ನು ಒಂದೇ ಎಳೆತಕ್ಕೆ ಬಾಗಿಸಿ ಕತ್ತರಿಸಿ, ಬುಡದ ಮೊನೆಯಿಂದ ಹಿಡಿದು ಹೊಟ್ಟೆಯನ್ನು ದಾಟಿ ತಲೆಯವರೆಗೆ ಒಂದು ಸುಕ್ಕೂ ಇಲ್ಲದೆ ತಂದಳು. ಬೆರಳ ತುದಿಯಲ್ಲಿ ಒಂದಿಷ್ಟು ಅಂಟು, ಒಂದು ತಿರುವು. ಮುಗಿದದ್ದನ್ನು ಹಲಗೆಯ ಮೇಲಿಟ್ಟು ಕೈ ತೆಗೆದಳು.

ಹಿಂದಿನಿಂದ ಟಕ್ ಟಕ್ ಎಂದು ಸದ್ದು ಕೇಳಿಸಿತು. ಗಿಡ್ಡಪ್ಪ ತನ್ನ ಬ್ಲೇಡಿನ ಮಗ್ಗುಲನ್ನು ಹಲಗೆಗೆ ಬಡಿಯುತ್ತಿದ್ದ. ಅಂದು ತನ್ನ ಮೇಜನ್ನು ದೂರ ಎಳೆದುಕೊಂಡವನು ಇವನೇ. ಮೇಜುಗಳಲ್ಲಿ ಚಪ್ಪಾಳೆಗೆ ಬದಲು ಬ್ಲೇಡು ಬಡಿಯುವುದು ಆ ಹಾಲಿನ ರೂಢಿ. ಅದು ಮೇಸ್ತ್ರಿಗಳಿಗೆ ಮಾತ್ರ ಸಲ್ಲುತ್ತಿದ್ದ ಮರ್ಯಾದೆ. ಒಬ್ಬೊಬ್ಬರಾಗಿ ಎಲ್ಲರೂ ಸೇರಿಕೊಂಡರು. ಸದ್ದು ಕೇಳಿ ಕೆಳಗಿನ ಹೆಂಗಸರು ಏಪ್ರನ್ನಿನಲ್ಲಿ ಕೈ ಒರೆಸಿಕೊಳ್ಳುತ್ತ ಮೆಟ್ಟಿಲ ತುಂಬ ಬಂದು ನಿಂತರು. ಮೊನೆಯಕ್ಕ ತಲೆ ಎತ್ತಿ ಅವರನ್ನು ನೋಡಿದಳು. ಅಲ್ಲಿಯವರೆಗೆ ತಡೆದುಕೊಂಡಿದ್ದ ಕಣ್ಣೀರು ಆಗ ಬಂತು. ಎಲೆಯ ಮೇಲೆ ಬೀಳದಂತೆ ಮುಖ ತಿರುಗಿಸಿಕೊಂಡಳು.

ಜನ ಕರಗಿದ ಮೇಲೆ ಅವಳು ಮೇಸ್ತ್ರಿಗಳ ಮೇಲೆ ರೇಗಿದಳು. ಯಾಕೆ ಹಾಗೆ ಹೇಳಿಬಿಟ್ಟಿರಿ, ನಾನೇನು ಕೇಳಿದ್ದೆನೇ ಎಂದು.

“ಕೈ ನಡುಗತ್ತೆ ಕಣಮ್ಮಾ,” ಅಂದರು ಅವರು. “ನಾಲಿಗೆ ಇನ್ನೂ ನಡುಗಲ್ಲ. ನಡುಗೋ ಮುಂಚೆ ಹೇಳ್ಬೇಕಿತ್ತು.”

ಚಿಕ್ಕ ಯಜಮಾನರು ಆಮೇಲೆ ಹಿತ್ತಲಿನ ಶೆಡ್ಡಿಗೆ ಹೋಗಿ, ಮೊನೆಯಕ್ಕನಿಗೆ ಒಂದು ಗುರುತು ಮಾಡಿಕೊಡಬೇಕು, ಎಷ್ಟು ದಿನ ಬೇಕು ಎಂದು ಅವಳ ಗಂಡನನ್ನು ಕೇಳಿದರು. ಅವನು ಉಪಕರಣಗಳ ಡಬ್ಬಿ ತೆರೆದು ಗುರುತು ಒತ್ತುವ ಒಂದು ಕಬ್ಬಿಣ ತೆಗೆದುಕೊಟ್ಟ. ತುದಿಯಲ್ಲಿ ಒಂದು ಸೂಜಿಯ ಚಿತ್ರ. ಅರ ಹಾಕಿ ಹಾಕಿ ನಯವಾಗಿತ್ತು, ಒಂದು ಸಲವೂ ಬೆಂಕಿ ಕಂಡಿರಲಿಲ್ಲ. ಅಂದು ಸಂಜೆ ಅವಳು ಶೆಡ್ಡಿನ ಬಾಗಿಲಲ್ಲಿ ನಿಂತು, ಮರದ ಮೇಲೆ ಆ ಸೂಜಿ ಹೊಗೆಯಾಡುತ್ತ ಮೂಡುವುದನ್ನು ನೋಡಿದಳು. ಇದನ್ನು ಯಾವಾಗ ಮಾಡಿದಿರಿ ಎಂದು ಕೇಳಿದರೆ ಗಂಡ ಪುರುಸೊತ್ತಿದ್ದಾಗ ಅಂದ. ಅವನ ಬಾಯಿಂದ ಅದಕ್ಕಿಂತ ಹೆಚ್ಚು ಹೊರಡಿಸುವುದು ಅವಳಿಂದಲೂ ಆಗಲಿಲ್ಲ.

ಬಸುರಿ ನಿಲ್ಲಲಿಲ್ಲ, ಮೊನೆಯೂ ನಿಲ್ಲಲಿಲ್ಲ. ಮೇಸ್ತ್ರಿಗಳು ಮನೆಯಲ್ಲಿ ವಿಶ್ರಾಂತಿಗೆ ಕೂತರು, ಕಿಟಕಿಯ ಮೇಜು ಅವಳದಾಯಿತು. ಅವಳ ಮೊದಲ ಹಟ ಕೆಳಗಿನ ಹೆಂಗಸರಲ್ಲಿ ಕೈ ಚುರುಕಿದ್ದವರನ್ನು ಮೇಲೆ ತರುವುದು. ಚಿಕ್ಕ ಯಜಮಾನರು ಒಬ್ಬರನ್ನು ತನ್ನಿ ಅಂದರೆ ಅವಳು ಮೂವರನ್ನು ತಂದಳು. ಮೇಜು ಸಾಲದು ಎಂದು ಅವರು ಗೊಣಗಿದರು. ಬಡಗಿ ನಮ್ಮ ಮನೆಯಲ್ಲೇ ಇದ್ದಾರೆ ಎಂದು ಉತ್ತರ ಬಂತು.

ಅವಳ ಕೆಲಸ ಬಲು ಕಟ್ಟುನಿಟ್ಟಿನದು. ಒಂದು ಸಲ ತಾನೇ ಸುತ್ತಿದ ಇಡೀ ತಟ್ಟೆಯನ್ನು, ಗಾಳಿ ಎಳೆದಾಗ ಬಿಗಿ ಅನ್ನಿಸಿದ್ದಕ್ಕೆ ನಡುವಿಗೆ ಕತ್ತರಿಸಿ ಹಾಕಿದಳು. ನೋಡಲು ಚೆನ್ನಾಗೇ ಇವೆಯಲ್ಲ ಎಂದು ಚಿಕ್ಕ ಯಜಮಾನರು ಹೊಟ್ಟೆ ಉರಿದುಕೊಂಡರೆ, ನೋಡುವವರು ನೋಡಿ ಸುಮ್ಮನಾಗುತ್ತಾರೆ, ಸೇದುವವರು ಬೈಯುವುದು ನನ್ನನ್ನು ಅಂದಳು. ಅವಳು ಮಾತ್ರ ಜೀವಮಾನದಲ್ಲಿ ಒಂದನ್ನೂ ಸೇದಲಿಲ್ಲ. ಹೊತ್ತಿಸದೆ ತುಟಿಗಿಟ್ಟು ಗಾಳಿ ಎಳೆದೇ ಎಲ್ಲ ಹೇಳುತ್ತಿದ್ದಳು. ಮಗಳಿಗೂ ಗಂಡನಿಗೂ ಸೇದುವುದು ಬೇಡವೆಂದು ಕಟ್ಟಪ್ಪಣೆ. ಇದೇನು ನ್ಯಾಯ ಎಂದು ಗಿಡ್ಡಪ್ಪ ಕೆಣಕಿದರೆ, ನಾನು ಸುತ್ತುವವಳು, ಸುಡುವವಳಲ್ಲ ಅನ್ನುತ್ತಿದ್ದಳು.

ಹೀಗಿರುವಾಗ ಒಮ್ಮೆ ಖರೀದಿದಾರರೊಬ್ಬರು ಚಿಕ್ಕ ಯಜಮಾನರಿಗೆ ಹೇಳಿದರು, ಮೂರು ಕಡ್ಡಿಗಳನ್ನು ಒಂದಕ್ಕೊಂದು ಹೆಣೆದ ಸಿಗಾರೂ ಉಂಟು, ನಿಮ್ಮಲ್ಲಿ ಮಾಡುತ್ತೀರಾ ಎಂದು. ಅದರ ಚಿತ್ರವಾಗಲಿ ನಮೂನೆಯಾಗಲಿ ಅವರ ಬಳಿ ಇರಲಿಲ್ಲ. ಚಿಕ್ಕ ಯಜಮಾನರು ಈಗ ಬದಲಾದ ಮನುಷ್ಯ. ಯಾವ ಆಕಾರ ಕೇಳಿದರೂ ಆಗುತ್ತದೆ ಎಂದು ಒಪ್ಪಿಕೊಂಡು ಬರುವುದು ಅವರ ಹೊಸ ಚಾಳಿ. ಹಾಲಿನಲ್ಲಿ ಎಲ್ಲರೂ ಪ್ರಯತ್ನಿಸಿದರು. ಒಣ ಕಡ್ಡಿ ಬಗ್ಗಿಸಿದರೆ ಲಟಕ್ಕನೆ ಮುರಿಯಿತು. ಮೆತ್ತಗೆ ಸುತ್ತಿದರೆ ಹೊದಿಕೆ ಬಿಚ್ಚಿಕೊಂಡಿತು. ಹೆಣೆದು ಬಿಟ್ಟರೆ ಮರುದಿನ ಮತ್ತೆ ನೆಟ್ಟಗಾಗಿ ಕೂತಿತು. ಇದು ಕೈಗೆ ಬಗ್ಗುವ ಕೆಲಸವಲ್ಲ ಎಂದು ಗಿಡ್ಡಪ್ಪ ಕೈ ಚೆಲ್ಲಿದ. ಮೊನೆಯಕ್ಕ ಮುಖ ಗಂಟಿಕ್ಕಿಕೊಂಡು ಮನೆಗೆ ಬಂದಳು.

ಮಗಳು ಅಷ್ಟರಲ್ಲಿ ಕಾಲೇಜು ಮೆಟ್ಟಿಲು ಹತ್ತಿದ್ದಳು. ಅಮ್ಮನ ಕೈಯ ವಾಸನೆ ತನ್ನ ಕೂದಲಿಗೆ ಹತ್ತುತ್ತದೆ ಎಂದು ಜಡೆಯನ್ನು ತಾನೇ ಹಾಕಿಕೊಳ್ಳತೊಡಗಿ ಬಹಳ ದಿನವಾಗಿತ್ತು. ಮರುದಿನ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಕೂದಲು ಆರಿಸದೆ ಒದ್ದೆಯಾಗಿರುವಾಗಲೇ ಅವಳು ಹೆಣೆದುಕೊಳ್ಳುತ್ತಿದ್ದುದನ್ನು ತಾಯಿ ನೋಡಿದಳು. ಒದ್ದೆ ಕೂದಲಿಗೆ ಯಾಕೆ ಜಡೆ, ಶೀತವಾಗುವುದಿಲ್ಲವೇ ಎಂದು ಗದರಿದಳು.

“ಒದ್ದೆ ಇದ್ದಾಗ ಹಾಕಿದ್ರೇನೇ ಅಮ್ಮಾ,” ಅಂದಳು ಮಗಳು, “ಒಣಗಿದ ಮೇಲೆ ಬಿಚ್ಚಿದ್ರೆ ಅಲೆ ಅಲೆಯಾಗಿ ನಿಲ್ಲತ್ತೆ.”

ಮೊನೆಯಕ್ಕ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟಳು. ಮಗಳ ಹಿಂದೆ ಬಂದು ಕೂತು, ಒಂದು ನಿಮಿಷ ಕೊಡು ಎಂದು ಜಡೆಯನ್ನು ಬಿಚ್ಚಿ ತಾನೇ ಮತ್ತೆ ಹೆಣೆಯತೊಡಗಿದಳು. ಮಗಳು ತಡೆಯಲಿಲ್ಲ. ಯಾವ ಎಳೆಯನ್ನೂ ಎಳೆಯಬಾರದು, ಒಂದು ಇನ್ನೊಂದಕ್ಕೆ ಜಾಗ ಬಿಡಬೇಕು. ತುದಿಯಲ್ಲಿ ಮಾತ್ರ ಕಟ್ಟಬೇಕು. ಕಟ್ಟಿದ್ದು ಕಟ್ಟಿದ ಹಾಗೇ ಒಣಗಬೇಕು. ಹೆಣೆಯುತ್ತ ಹೆಣೆಯುತ್ತ ಇದನ್ನೆಲ್ಲ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಏನಮ್ಮಾ ಅದು ಎಂದು ಮಗಳು ಕೇಳಿದರೆ, ನೀನು ನನಗೆ ಪಾಠ ಹೇಳಿಕೊಟ್ಟೆ ಅಂದಳು. ಅರ್ಥವಾಗದಿದ್ದರೂ ಮಗಳಿಗೆ ಖುಷಿಯಾಯಿತು. ಅಂದು ಆ ಜಡೆಯಲ್ಲೇ ಕಾಲೇಜಿಗೆ ಹೋದಳು.

ಕಾರ್ಖಾನೆಯಲ್ಲಿ ಅವಳು ಕಡ್ಡಿಗಳನ್ನು ಒಳಗೆ ಸ್ವಲ್ಪ ಸಡಿಲವಾಗಿ ತುಂಬಿ, ಎಲೆಯ ತೇವ ಆರುವ ಮೊದಲೇ ಮೂರನ್ನು ಜೊತೆಗೂಡಿಸಿ, ಎಳೆಯದೆ ಹೆಣೆದು, ಎರಡು ತುದಿಗೂ ದಾರ ಕಟ್ಟಿ ಶೆಲ್ಫಿನ ಮೇಲೆ ಮಲಗಿಸಿದಳು. ಅವು ಒಣಗುವವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ. ಚಿಕ್ಕ ಯಜಮಾನರು ಎರಡು ಸಲ ಇಣುಕಿ ಬೈಸಿಕೊಂಡರು. ದಾರ ಬಿಚ್ಚಿದ ದಿನ ಮೂರೂ ಬಿಡಿಬಿಡಿಯಾಗಿ ಬಂದವು. ಒಂದೊಂದೂ ಹರಿಯುವ ನೀರಿನ ಹಾಗೆ ಬಳುಕಿತ್ತು, ಹೊದಿಕೆಯಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಹಾಲಿನವರು ಅದಕ್ಕೆ ‘ಜಡೆ’ ಎಂದು ಹೆಸರಿಟ್ಟರು. ಇಂಥದ್ದು ಜಗತ್ತಿನಲ್ಲಿ ಬೇರೆ ಕಡೆ ಇದೆ ಎಂಬುದು ಅವಳಿಗೂ ಗೊತ್ತಿತ್ತು. ಆದರೆ ಯಾರೂ ತೋರಿಸಿಕೊಡದೆ, ನೋಡದೆ, ಮಾಡಿದ್ದು ಅವಳ ಕೈ. ಆ ಹೆಮ್ಮೆಯನ್ನು ಅವಳು ಮುಚ್ಚಿಡಲಿಲ್ಲ. ಬೀದಿಯಲ್ಲಿ ಸಿಕ್ಕವರಿಗೂ ಹೇಳಿದಳು.

ಒಂದು ಜಡೆಯನ್ನು ಕಾಗದದಲ್ಲಿ ಸುತ್ತಿಕೊಂಡು ಊಟದ ಬಿಡುವಿನಲ್ಲಿ ಮೇಸ್ತ್ರಿಗಳ ಮನೆಗೆ ಹೋದಳು. ಅವರು ಮಹಡಿಯ ಕೋಣೆಯಲ್ಲಿ, ಬಿಸಿಲು ಬೀಳುವ ಕಡೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಈಗ ಎರಡು ಕೈಯೂ ನಡುಗುತ್ತಿದ್ದವು. ಕಾಗದ ಬಿಡಿಸಿ, ಜಡೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಉಗುರಿನಿಂದ ಹೊದಿಕೆಯನ್ನು ಮುಟ್ಟಿ ನೋಡಿದರು. ಸೇದಿ ನೋಡಿ ಎಂದು ಅವಳು ಅಂದರೆ ಬಿಚ್ಚಲು ಮನಸ್ಸು ಬರುವುದಿಲ್ಲ ಅಂದರು. ಅಲಂಕಾರಕ್ಕಲ್ಲ ಅಂತ ನೀವೇ ತಾನೇ ಹೇಳಿದ್ದು ಎಂದು ಅವಳು ಗದರಿದ ಮೇಲೆ ದಾರ ಬಿಚ್ಚಿದರು. ಮೂರರಲ್ಲಿ ಒಂದು ಕಡ್ಡಿಯನ್ನು ಅವಳು ಅವರ ಬಾಯಿಗೆ ಹಿಡಿದಳು, ಬೆಂಕಿ ತಾಕಿಸಿದಳು, ಅವರು ಎಳೆದರು. ಹೊಗೆ ಒಂದೇ ಸಮನೆ ಬಂತು. ಕಣ್ಣು ಮುಚ್ಚಿ ಕೂತರು.

“ಇದು ನಂಗೆ ಬರ್ತಿರ್ಲಿಲ್ಲ,” ಅಂದರು ಕೊನೆಗೆ. “ಕೈ ಚೆನ್ನಾಗಿದ್ದಾಗ್ಲೂ ಬರ್ತಿರ್ಲಿಲ್ಲ. ಹೇಗೆ ಮಾಡ್ದೆ, ಹೇಳು.”

ಅವಳು ಅವರ ಎದುರಿಗೆ ಸ್ಟೂಲು ಎಳೆದುಕೊಂಡು ಕೂತು, ಎಲೆಯ ತೇವದಿಂದ ಶುರುಮಾಡಿ ಒಂದೊಂದಾಗಿ ಹೇಳತೊಡಗಿದಳು. ಮಧ್ಯೆ ಮಧ್ಯೆ ಅವರು ತಡೆದು ಪ್ರಶ್ನೆ ಕೇಳಿದರು. ಒಂದೆರಡು ಕಡೆ ಅವಳು ಹೇಳಿದ್ದನ್ನೇ ಮತ್ತೊಮ್ಮೆ ಹೇಳಿಸಿಕೊಂಡರು. ಅಂದು ಅವಳು ಕೆಲಸಕ್ಕೆ ತಡವಾಗಿ ಮರಳಿದಳು. ಹಾಲಿನಲ್ಲಿ ಎಲ್ಲರೂ ಗಡಿಯಾರ ನೋಡಿದರು. ಅವಳು ಏಪ್ರನ್ ಕಟ್ಟಿಕೊಂಡು, ಎಲೆಯ ಮೇಲೆ ಮುಚ್ಚಿದ್ದ ಒದ್ದೆ ಬಟ್ಟೆಯನ್ನು ಸರಿಸಿ, ಕಿಟಕಿಯ ಬೆಳಕಿಗೆ ಒಂದು ಎಲೆ ಹಿಡಿದು ನೋಡಿ ಕೆಲಸ ಶುರು ಮಾಡಿದಳು.